ಹಗ್ಗ ಬಿಡಿಸುವ ಮದ್ದು

ಹೃದಯದ ಮದ್ದು ಎಂದರೆ ಹೃದಯಕ್ಕೆ ಬಲ ಕೊಡುವಂಥದ್ದು ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದವನು. ನರಿಕೊಂಬಿನಲ್ಲಿರುವ ನನ್ನ ಅಕ್ಕನಿಗೆ ಡಾಕ್ಟರು ಬರೆದುಕೊಟ್ಟದ್ದು ಅದರ ಉಲ್ಟಾ, ಹಿಂಡುವ ಬಲವನ್ನೇ ಕಡಿಮೆ ಮಾಡುವ ಹೊಸ ಮಾತ್ರೆ.

ಅಕ್ಕನ ಹೃದಯದ ಗೋಡೆ ದಪ್ಪವಾಗಿತ್ತು. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತುವಷ್ಟರಲ್ಲಿ ಉಸಿರು ಸಿಕ್ಕಿಕೊಂಡು ಕಣ್ಣು ಕತ್ತಲೆ ಬರುತ್ತಿತ್ತು. ಹೃದಯ ವಿಪರೀತ ಜೋರಾಗಿ ಹಿಂಡುವುದರಿಂದ ರಕ್ತ ಹೊರಗೆ ಹೋಗುವ ದಾರಿಯೇ ಇರುಕಾಗುತ್ತದಂತೆ.

"ಬಲ ಹೆಚ್ಚಾದದ್ದೂ ಒಂದು ಕಾಯಿಲೆಯಾ ಡಾಕ್ಟ್ರೇ?" ಎಂದೆ. ರೋಗಿಗಿಂತ ಜೊತೆಗೆ ಹೋದವನ ಪ್ರಶ್ನೆಗಳೇ ಹೆಚ್ಚು.

ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಪೆನ್ನು ಕೆಳಗಿಟ್ಟರು. "ಸ್ನಾಯುವಿನ ಒಳಗೆ ಮಯೋಸಿನ್ ಅಂತ ಉಂಟು. ಸಣ್ಣ ಸಣ್ಣ ಕೈಗಳು ಅಂತ ತಿಳ್ಕೊಳ್ಳಿ. ಅವು ಪಕ್ಕದ ಎಳೆಯನ್ನು ಹಿಡಿದು ಎಳೀತವೆ, ಆಗ ಹೃದಯ ಹಿಂಡ್ತದೆ. ಕೆಲವು ಎಳೀಬೇಕು, ಕೆಲವು ವಿಶ್ರಾಂತಿ ತೆಗೀಬೇಕು. ಇವರಲ್ಲಿ ವಿಶ್ರಾಂತಿ ತೆಗೆಯುವವು ಕಡಿಮೆ."

"ಹಗ್ಗಜಗ್ಗಾಟ!" ಎಂದಳು ಅಕ್ಕ. ಪ್ರಾಯದಲ್ಲಿ ಅವಳು ಮಹಿಳೆಯರ ತಂಡದಲ್ಲಿ ಎಲ್ಲರಿಗಿಂತ ಹಿಂದೆ, ಹಗ್ಗವನ್ನು ಮೈಗೆ ಸುತ್ತಿ ನಿಲ್ಲುತ್ತಿದ್ದವಳು. "ನಮ್ಮಲ್ಲೂ ಒಬ್ಬಳು ಇದ್ದಳು. ವಿಸಿಲ್ ಊದಿದರೂ ಹಗ್ಗ ಬಿಡುವವಳಲ್ಲ."

"ಅದೇ. ಈ ಮದ್ದು ಕೆಲವು ಕೈಗಳನ್ನು ಕೂರಿಸ್ತದೆ. ಜಾಸ್ತಿ ಕೂತರೂ ಕಷ್ಟ. ಅದಕ್ಕೇ ಆಗಾಗ ಎಕೋ ಮಾಡಿ ಹೃದಯ ಹಿಂಡುವುದನ್ನು ಪರದೆಯಲ್ಲಿ ನೋಡಬೇಕು. ಬೇರೆ ಯಾವ ಮದ್ದಿದ್ದರೂ ನನ್ನನ್ನು ಕೇಳಿ."

ಮೊದಲೆರಡು ತಿಂಗಳು ಅಚ್ಚರಿಯೇ. ಮೂಡಬಿದಿರೆಯ ನನ್ನ ಮನೆಗೆ ಬಂದವಳು ಬಸದಿಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದಳು. ಆಮೇಲೆ ಇದ್ದಕ್ಕಿದ್ದಂತೆ ಕಾಲು ಬಾತುಕೊಂಡಿತು, ಮಾತಾಡುವುದಕ್ಕೂ ಸುಸ್ತು. ಎಕೋ ನೋಡಿದ ಡಾಕ್ಟರ ಮುಖ ಬದಲಾಯಿತು. ಹೃದಯದ ಎಳೆತ ತೀರಾ ಕಡಿಮೆಯಾಗಿದೆ ಎಂದರು.

"ಬೇರೆ ಎಂತಾದರೂ ಮದ್ದು ತೆಗೊಳ್ತೀರಾ?"

"ಎಂತದೂ ಇಲ್ಲ" ಎಂದಳು ಅಕ್ಕ.

ಸುಳ್ಳಲ್ಲ ಅದು. ನಮ್ಮ ಕಡೆ ಗ್ಯಾಸಿನ ಮಾತ್ರೆ ಮದ್ದು ಅನ್ನಿಸಿಕೊಳ್ಳುವುದೇ ಇಲ್ಲ. ಔತಣದ ಊಟ ಮುಗಿಸಿ ಕೈ ತೊಳೆದರೆ ಸರಿ, ಯಾರದಾದರೂ ಕಿಸೆಯಿಂದ ಅದು ಹೊರಬಂದು ಬೀಡಾದ ಹಾಗೆ ಕೈಯಿಂದ ಕೈಗೆ ಹೋಗುತ್ತದೆ. ಹೃದಯದ ಮಾತ್ರೆ ಶುರುವಾದ ಮೇಲೆ ಲಾಯಿಲದ ಮದುವೆಯೊಂದರಲ್ಲಿ ಅಕ್ಕ ಎದೆ ಉರಿ ಎಂದಾಗ ಆ ಕಿಸೆ ನನ್ನದಾಗಿತ್ತು. "ದಿನಾ ಬೆಳಿಗ್ಗೆ ಒಂದು ಹಾಕು" ಎಂದು ಇಡೀ ಸ್ಟ್ರಿಪ್ಪನ್ನೇ ಕೊಟ್ಟಿದ್ದೆ. ಮುಗಿದಾಗ ಇನ್ನಷ್ಟು ತಂದುಕೊಟ್ಟವನೂ ನಾನೇ.

ಕಿಸೆಯಲ್ಲಿದ್ದ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟೆ. "ಇದೂ ಮದ್ದಾ ಡಾಕ್ಟ್ರೇ?"

ಅವರು ಮಗುಚಿ ಹೆಸರು ಓದಿದರು. "ಮದ್ದೇ! ಹೃದಯದ ಮಾತ್ರೆಯನ್ನು ಕರಗಿಸಿ ಮುಗಿಸುವ ಕೆಲಸ ಲಿವರಿನದ್ದು. ಈ ಜಾತಿಯ ಗ್ಯಾಸಿನ ಮಾತ್ರೆ ಅದಕ್ಕೆ ಅಡ್ಡ ಬರ್ತದೆ. ಹಾಗಾಗಿ ಹೃದಯದ ಮದ್ದು ಮೈಯಲ್ಲಿ ಸೇರ್ತಾ ಹೋಗಿರಬೇಕು."

"ಅಂದರೆ ನಮ್ಮ ತಂಡದವರೆಲ್ಲ ಕೂತುಬಿಟ್ಟರು" ಎಂದಳು ಅಕ್ಕ. ನನ್ನ ಕಡೆ ತಿರುಗಿ, "ಕೂರಿಸಿದ್ದು ಇವನು."

ನಾನು ಡಾಕ್ಟರ ಕಡೆ ತಿರುಗಿದೆ. "ಮತ್ತೆ ಏಳ್ತಾರಾ?"

"ಹೆಚ್ಚಾಗಿ ಏಳ್ತಾರೆ. ಎರಡೂ ಮಾತ್ರೆ ನಿಲ್ಲಿಸುವ. ನಾಲ್ಕು ವಾರ ಬಿಟ್ಟು ನೋಡುವ."

ಆ ನಾಲ್ಕು ವಾರ ದಿನಾ ಫೋನು ಮಾಡಿದೆ. "ಇದ್ದೇನೆ ಮಾರಾಯ, ಇಡು" ಎನ್ನುವಳು. ಆ ಬೈಗುಳ ಕೇಳಿದ ಮೇಲೆಯೇ ನನಗೆ ತಿಂಡಿ.

ಎಕೋದ ದಿನ ಡಾಕ್ಟರು ಪರದೆಯನ್ನು ನನ್ನ ಕಡೆಗೂ ತಿರುಗಿಸಿದರು. ಬೂದುಬಣ್ಣದ ಗೋಡೆ ಒಳಗೆ ಬಂತು, ಹೊರಗೆ ಹೋಯಿತು, ಮತ್ತೆ ಬಂತು. ಎಷ್ಟು ಕೈಗಳು ಎಳೆಯುತ್ತಿವೆಯೋ, ಎಷ್ಟು ಕೂತಿವೆಯೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಕಾಣುವುದುಂಟೇ!

"ಈಗ ಸರಿ ಎಳೀತಾ ಉಂಟು. ಕಡಿಮೆ ಡೋಸಿನಿಂದ ಪುನಃ ಶುರು ಮಾಡುವ" ಎಂದರು.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು ಕೂತಳು. ಮೊದಲ ಮಾತೇ ನನಗೆ.

"ಕಿಸೆ ತೋರಿಸು."

ಡಾಕ್ಟರ ಎದುರಿಗೇ ಪ್ಯಾಂಟಿನ ಕಿಸೆ ಹೊರಗೆ ಎಳೆದು ತೋರಿಸಿದೆ. ಕನ್ನಡಕ ಒರೆಸುವ ಬಟ್ಟೆ, ಬಸ್ಸಿನ ಟಿಕೆಟು. "ಅಂಗಿಯದ್ದು?" ಎಂದಳು.