ಮೀಸಲಿಟ್ಟ ಗುಳಿಗೆ

ಮಾನ್ಯ ವಾಚಕರ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಂದು ಮುಂಜಾನೆ ನನ್ನ ಮೊಣಕಾಲಿನ ನೋವಿಗಾಗಿ ತಂದ ಹೊಸ ಗುಳಿಗೆಗಳ ಡಬ್ಬಿಯ ಮುಚ್ಚಳ ತೆಗೆದೆ. ಅದರ ಕಹಿ ವಾಸನೆ ಮೂಗಿಗೆ ತಾಗುವಷ್ಟರಲ್ಲಿ ನನ್ನ ಧರ್ಮಪತ್ನಿಯವರು ಅಂಗೈ ಚಾಚಿದರು.

“ನನಗೂ ಒಂದ ಕೊಡ್ರಿ. ಮೊಣಕಾಲ ನಿಮಗಷ್ಟ ಅದಾವೇನು?”

ಸದರಿ ಪ್ರಶ್ನೆಗೆ ಉತ್ತರ ಕೊಡುವುದನ್ನು ಬಿಟ್ಟು ನಾನು ಬೀಳಗಿಯನ್ನು ನೆನೆಯುತ್ತ ಕುಳಿತಿದ್ದೇನೆ. ಆಯುಷ್ಯವೆಲ್ಲ ಅರ್ಜಿ, ಜವಾಬು ಬರೆದವನಿಗೆ ಪ್ರಬಂಧದ ರೀತಿನೀತಿ ತಿಳಿಯದು, ತಾವು ಮನ್ನಿಸಬೇಕು. ಚಾಚಿದ ಕೈ ಇನ್ನೂ ಚಾಚಿಯೇ ಇರುವ ಕಾರಣ ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ.

ಅದು ಮುಂಬಯಿ ರಾಜ್ಯದ ಕಾಲ. ಬೀಳಗಿಯ ಪೇಟೆಯಲ್ಲಿದ್ದ ಖಾಸಗಿ ದವಾಖಾನೆಯೊಂದರಲ್ಲಿ ನಾನು ಕಾರಕೂನ. ನಮ್ಮ ಡಾಕ್ಟರ ಸಾಹೇಬರು ಜಮಖಂಡಿಯವರು. ಮನೆಯಲ್ಲಿ ಮರಾಠಿ, ರೋಗಿಗಳ ಮುಂದೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಅವರಿಗೆ ಅಂಚೆಯಲ್ಲಿ ವೈದ್ಯಕೀಯ ಮಾಸಪತ್ರಿಕೆಯೊಂದು ಬರುತ್ತಿತ್ತು. ಅದು ಬಂದ ದಿನ ರೋಗಿಗಳಿಗೆ ಮೊದಲು ಭಾಷಣ, ಆಮೇಲೆ ಔಷಧ. ಯಾವ ದೇಶದಲ್ಲಿ ಯಾವ ರೋಗದ ಬೇರು ಸಿಕ್ಕಿತು, ಯಾವ ಇಲಿಗೆ ಯಾವ ಸೂಜಿ ಚುಚ್ಚಿದರು ಎಂಬುದನ್ನೆಲ್ಲ ಅವರು ಕುರ್ಚಿಯಿಂದ ಕದಲದೆ ವಿವರಿಸುತ್ತಿದ್ದರು. ಒಮ್ಮೆ ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬ ಹೊಟ್ಟೆ ಹಿಡಿದುಕೊಂಡೇ ಎಲ್ಲವನ್ನೂ ಕೇಳಿ, ಕೈ ಮುಗಿದು, “ಖರೆ ಐತ್ರಿ ಸಾಹೇಬ್ರ. ಆದ್ರ ಆ ಪ್ರಗತಿ ನನ್ನ ಹೊಟ್ಟಿತನಾ ಬರೂದು ಯಾವಾಗ್ರಿ?” ಎಂದು ವಿಚಾರಿಸಿದ್ದುಂಟು.

ಆದರೆ ಸಾಹೇಬರ ಉತ್ಸಾಹಕ್ಕೆ ಕಾರಣವಿತ್ತೆಂಬುದನ್ನೂ ನಮೂದಿಸಬೇಕು. ಅಲ್ಲಿಯವರೆಗೆ ಕ್ಷಯದ ರೋಗಿ ಬಂದರೆ ಹಾಲು ಕುಡಿ, ತತ್ತಿ ತಿನ್ನು, ಗಾಳಿಗೆ ಮಲಗು ಎಂದು ಹೇಳಿ ಅವರು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಕ್ಷಯಕ್ಕೆ ಹೊಸ ಗುಳಿಗೆ ಕೈಗೆ ಬಂದ ದಿನ ಆ ಮುಖದಲ್ಲಿ ಮದುವೆಮನೆಯ ಕಳೆಯಿತ್ತು.

ಆ ವಾರವೇ ಅನಗವಾಡಿಯ ಕುರುಬರ ಬೀರಪ್ಪ ತನ್ನ ಹೆಂಡತಿ ಮಾಳವ್ವನನ್ನು ಬಂಡಿಯಲ್ಲಿ ಕರೆತಂದ. ಜೊತೆಗೆ ಅವನ ತಾಯಿ. ಮಾಳವ್ವ ಒಳಗೆ ಬರಲಿಲ್ಲ. ಹೊಸ್ತಿಲಿನ ಆಚೆ ಸೆರಗು ಹೊದ್ದು ಗೋಡೆಗೆ ಮುಖಮಾಡಿ ಕೆಮ್ಮುತ್ತ ಕುಳಿತಳು. ಕೈ ಎಷ್ಟು ಬಡಕಲಾಗಿತ್ತೆಂದರೆ ಬಳೆಗಳು ಮೊಣಕೈಗೆ ಸರಿದಿದ್ದವು. ಸಾಹೇಬರು ಅವಳನ್ನು ಪರೀಕ್ಷಿಸಿ ಬಂದು, ಕುರ್ಚಿಯಲ್ಲಿ ಕುಳಿತು, ಬೀರಪ್ಪನಿಗೆ ಆ ಗುಳಿಗೆಯ ಮಹಿಮೆಯನ್ನು ಸಾದ್ಯಂತವಾಗಿ ವರ್ಣಿಸಿದರು.

“ತಿಳೀತೇನಪಾ?”

“ತಿಳೀತ್ರಿ. ದೊಡ್ಡ ಔಷಧ.”

ಗುಳಿಗೆ ತೀರಿದ ಮೇಲೆ ಮೂವರೂ ಮರಳಿ ಬಂದರು. ಬೀರಪ್ಪನ ಮುಖ ಅರಳಿತ್ತು. “ಭಾಳ ಛಲೋ ಔಷಧರೀ! ನಮಗೆಲ್ಲಾರಿಗೂ ಮೈಯಾಗ ಹುರುಪ ಬಂದೈತಿ.”

“ಎಲ್ಲಾರಿಗೂ ಅಂದ್ರ?”

“ಮನ್ಯಾಗಿನ ಎಲ್ಲಾರಿಗೂರಿ. ಬೀರದೇವರ ಮುಂದ ಇಟ್ಟು, ಭಂಡಾರ ಹಚ್ಚಿ, ಹಂಚಿಕೊಂಡ್ವಿ.”

ಸಾಹೇಬರು ಇಂಗ್ಲಿಷಿಗೆ ಇಳಿದರು. ಆಚೆ ಗೋಡೆಯ ಬಳಿಯ ಕೆಮ್ಮು ಮೊದಲಿಗಿಂತ ಆಳವಾಗಿತ್ತು. ಇಲ್ಲಿ ವಾಚಕರ ಅವಗಾಹನೆಗೆ ಒಂದು ಮಾತು: ಆ ಮನೆಗಳಲ್ಲಿ ಒಳ್ಳೆಯ ವಸ್ತು ಏನೇ ಬರಲಿ, ಮೊದಲು ದೇವರ ಮುಂದೆ ಇಟ್ಟು ಅರಿಶಿನದ ಭಂಡಾರ ಹಚ್ಚುತ್ತಾರೆ, ಆಮೇಲೆ ಸಮನಾಗಿ ಹಂಚುತ್ತಾರೆ. ಒಬ್ಬಳೇ ಮೂಲೆಯಲ್ಲಿ ತಿಂದ ಸೊಸೆಗೆ ಕಳ್ಳಿಯೆಂಬ ಹೆಸರು.

“ಆಕೀದ ಕಸಗೊಂಡ ತಿಂದ್ರೇನು ನೀವು?” ಎಂದು ಸಾಹೇಬರು ಅತ್ತೆಯ ಮೇಲೆ ಹರಿಹಾಯ್ದರು.

“ಯಾರ ಕಸಗೊಂಡಾರ್ರೀ? ಆಕೀನ ಹಂಚ್ಯಾಳ! ಕುರಿ ಕಾಯೂ ಮುದುಕಗೂ ಒಂದ ಕೊಟ್ಟಾಳ.”

ಆಗ ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಹೊಸ್ತಿಲಿನ ಮೇಲೆ, ಧೂಳಿನಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನ ಸಮೇತ ಕುಳಿತರು. “ಯಾಕವ್ವಾ, ಹಿಂಗ್ಯಾಕ ಮಾಡಿದಿ?”

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. “ಅಷ್ಟ ದೊಡ್ಡ ಔಷಧ ಅಂದ್ರಿ. ನಾ ಒಬ್ಬಾಕಿನ ಹೆಂಗ ತಿನ್ನಲ್ರೀ?”

ಸಾಹೇಬರು ಕುಳಿತಲ್ಲಿಂದಲೇ ಅತ್ತೆಯ ಕಡೆ ತಿರುಗಿ ಕೇಳಿದರು: “ನಿಮ್ಮ ಮನ್ಯಾಗ ಹಂಚಲಾರದ್ದು ಏನೂ ಇಲ್ಲೇನವ್ವಾ?”

“ಐತ್ಯಲ್ರೀ. ದೇವರಿಗೆ ಬಿಟ್ಟ ಟಗರ. ಅದು ಮೀಸಲ. ಯಾರೂ ಮುಟ್ಟಂಗಿಲ್ಲ.”

“ಹಂಗಾದ್ರ ಈ ಗುಳಿಗಿನೂ ಮೀಸಲ. ಈಕಿಗೆ.”

“ಈಕಿಗೆ? ಈಕಿ ದೇವರೇನ್ರಿ? ರೊಟ್ಟಿ ಬಡಿಯಾಕ ನೆಟ್ಟಗ ಬರೂದಿಲ್ಲ!”

ಎಲ್ಲರೂ ನಕ್ಕರು. ಸೆರಗಿನೊಳಗೆ ಮಾಳವ್ವನೂ ನಕ್ಕಳು, ನಗು ಕೆಮ್ಮಾಯಿತು, ಬಾಯಿಂದ ತೆಗೆದ ಸೆರಗಿನ ಅಂಚು ಕೆಂಪಾಗಿತ್ತು. ಅತ್ತೆ ಅದನ್ನು ನೋಡಿದಳು. ಸೊಂಟದ ಸಂಚಿ ಬಿಚ್ಚಿ ಚಿಟಿಕೆ ಭಂಡಾರ ತೆಗೆದು, ಸಾಹೇಬರು ಕೊಟ್ಟ ಹೊಸ ಗುಳಿಗೆ ಬಾಟಲಿಯ ಮುಚ್ಚಳಕ್ಕೆ ಹಚ್ಚಿದಳು.

“ಆತು. ಮೀಸಲ. ಇನ್ನ ಯಾವನರ ಮುಟ್ಟಲಿ, ಕೈ ಮುರೀತೇನಿ. ಕೇಳಿದೇನಲೇ ಬೀರ್ಯಾ?”

ಆ ದಿನ ಸಾಹೇಬರು ಇಲಿಯ ವಿಷಯ ಎತ್ತಲಿಲ್ಲ. ಇದು ಹುರುಪಿನ ಔಷಧವಲ್ಲ, ನಿನ್ನ ಎದೆಯೊಳಗಿನ ಹುಳುವಿಗೆ ಮಾತ್ರ, ಉಳಿದವರಿಗೆ ಉಪಯೋಗವಿಲ್ಲ ಎಂದು ಮಾಳವ್ವನಿಗೇ ಹೇಳಿದರು. ಅವಳು ಮೆಲ್ಲಗೆ ಈ ಕಡೆ ತಿರುಗಿದಳು.

“ಕೆಮ್ಮ ನಿಂತ ಮ್ಯಾಲೂ ತಗೋಬೇಕೇನ್ರಿ?”

“ನಿಂತ ಮ್ಯಾಲೂ. ನಾ ಸಾಕ ಅನ್ನೂತನಾ. ಈಗ ನೀ ಹೇಳು, ನಾ ಏನಂದೆ?”

ಅವಳು ಹೇಳಿದಳು. ಸೊಸೆಗೆ ಅಷ್ಟು ಮಾತು ಬರುತ್ತದೆಂದು ಅತ್ತೆಗೂ ಅಂದೇ ತಿಳಿಯಿತೆಂದು ಕಾಣುತ್ತದೆ.

ಮುಂದೆ ಮಾಳವ್ವ ಉಳಿದಳು. ಬಳೆಗಳು ಮಣಿಕಟ್ಟಿಗೆ ಇಳಿದವು. “ಕಾವಲ ಕುಂತ ನುಂಗಸ್ತಾಳ್ರಿ ನಮ್ಮತ್ತಿ, ನಾನೂ ಬಿಟ್ಟ ಟಗರ ಆಗೇನಿ” ಎಂದು ದೂರು ಕೊಡುವಷ್ಟು ಉಸಿರು ಬಂತು. ಸಾಹೇಬರ ಭಾಷಣಗಳೇನೂ ನಿಲ್ಲಲಿಲ್ಲ. ಅವರ ಕುರ್ಚಿ ಮಾತ್ರ ಹೊಸ್ತಿಲಿನ ಬಳಿಗೆ ಶಾಶ್ವತವಾಗಿ ವರ್ಗವಾಯಿತು.

ಇಷ್ಟನ್ನು ನೆನೆದು, ನಾನು ಡಬ್ಬಿಯ ಮುಚ್ಚಳ ಹಾಕಿ, ಗಂಭೀರವಾಗಿ, “ಇದು ಮೀಸಲ” ಎಂದೆ.

ಧರ್ಮಪತ್ನಿಯವರು ಕೈ ಹಿಂದೆಗೆದುಕೊಳ್ಳಲಿಲ್ಲ. “ಮಾಳವ್ವನ ಕತಿ ನನಗ ಹೇಳಬ್ಯಾಡ್ರಿ, ಲಗ್ನ ಆದಾಗಿಂದ ಕೇಳಾಕತ್ತೇನಿ. ಆ ಡಾಕ್ಟರ ಕುರ್ಚಿ ಬಿಟ್ಟ ಎದ್ದ ಬಂದು, ಯಾಕವ್ವಾ ಅಂತ ಆಕೀನ್ನ ಕೇಳಿದ್ರು. ನನ್ನ ಮೊಣಕಾಲ ಯಾವಾಗಿಂದ ನೋಯಾಕತ್ತಾವ, ಹೇಳ್ರಿ ನೋಡೋಣು?”

ನಾನು ಕುರ್ಚಿ ಬಿಟ್ಟು ಎದ್ದು, ಅವರನ್ನು ಅದರಲ್ಲಿ ಕೂಡಿಸಿ, ಅದನ್ನು ಅವರನ್ನೇ ಕೇಳಿದೆ. ಅವರು ಹೇಳುತ್ತಿದ್ದಾರೆ. ಬಹಳ ಇದೆ. ಕಾರಣ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿದ್ದು, ನಾಳೆ ದವಾಖಾನೆಗೆ ಇಬ್ಬರೂ ಹೋಗತಕ್ಕದ್ದೆಂದೂ ಅಲ್ಲಿ ಮೊದಲು ಅವರೇ ಮಾತನಾಡತಕ್ಕದ್ದೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ.