ಗಲಾಟೆ ತಂತಿಯ ಮೇಲೆ ಹತ್ತು ಕ್ಲಿಪ್ಪು

ಜಡ್ಜ್ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರ ಬಗ್ಗೆ ಹೀಗೆ ಬರೆಯಲು ಕೂತರೆ ಸಾಕು, ಓದುವವರು ಕಣ್ಣೊರೆಸಿಕೊಳ್ಳಲು ತಯಾರಾಗಿಬಿಡುತ್ತಾರೆ. ಆತ ಗಟ್ಟಿಮುಟ್ಟಾಗಿ, ತಂಗಿಯ ಮನೆಯಲ್ಲಿ ಎರಡು ಹೊತ್ತು ಉಂಡುಕೊಂಡು ಇದ್ದಾನೆ. ನಾನು ಆತನಿಗೆ ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ, ಅಷ್ಟೇ.

ನಮ್ಮದು ದೊಡ್ಡ ಲಾಂಡ್ರಿ. ಮೂರು ಹೋಟೆಲು, ಎರಡು ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ಒಗೆದ ಶೀಟು ಬಿಸಿ ರೋಲರ್‌ನ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಗರಿಗರಿಯಾಗಿ ಆಚೆ ಬರುತ್ತದೆ. ಅಲ್ಲಿ ಇಬ್ಬರು ನಿಂತು ಹಿಡಿದು ಮಡಚಬೇಕು. ದೂರ ನಿಂತು ಜಗ್ಗಬೇಕು, ಒಮ್ಮೆ ಕೊಡವಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ದೂರ ಹೋಗಬೇಕು. ಹದಿನಾರು ವರ್ಷ ನನ್ನ ಎದುರಿನ ಎರಡು ಮೂಲೆ ಹಿಡಿದವನು ಜಡ್ಜ್. ಕಟ್ಟಿಕೊಂಡ ಗಂಡನ ಮುಖವನ್ನೂ ನಾನು ದಿನಕ್ಕೆ ಅಷ್ಟು ಸಲ ಅಷ್ಟು ಹತ್ತಿರದಿಂದ ನೋಡಿದವಳಲ್ಲ.

ಜಡ್ಜ್ ಅನ್ನುವುದು ನಾವಿಟ್ಟ ಹೆಸರು. ಆತ ಹಾಡುಗಳಿಗೆ ನೂರಕ್ಕೆ ಇಷ್ಟು ಅಂತ ಮಾರ್ಕು ಕೊಡುತ್ತಿದ್ದ. ಲಾಂಡ್ರಿಯಲ್ಲಿ ದಿನವಿಡೀ ಸ್ಪೀಕರ್ ಹಾಡುತ್ತಿರುತ್ತದೆ, ಹಾಡಿಲ್ಲದೆ ಆ ಆವಿಯಲ್ಲಿ ಎಂಟು ಗಂಟೆ ನಿಲ್ಲಲು ಆಗುವುದಿಲ್ಲ. ಸಿನಿಮಾ ಹಾಡು, ರ್‍ಯಾಪು, ಡಿಸ್ಕೋ, ಜಾನಪದ, ರೀಮಿಕ್ಸು, ಏನೇ ಬರಲಿ, ಮುಗಿಯುತ್ತಿದ್ದಂತೆ ಶೀಟಿನ ಆ ತುದಿಯಿಂದ ತೀರ್ಪು ಬರುತ್ತಿತ್ತು. ‘ಮೂವತ್ತೊಂದು.’ ‘ಹದಿನೆಂಟು, ಅದೂ ಕೊಳಲಿನವನ ಮುಖ ನೋಡಿ.’ ಐವತ್ತೈದರ ಮೇಲೆ ಹತ್ತಿದ ಹಾಡನ್ನು ನಾನು ಕಂಡಿಲ್ಲ. ಮುಲಾಜು ಎಂಬುದು ಆ ಮನುಷ್ಯನಿಗೆ ಎಳ್ಳಷ್ಟೂ ಇರಲಿಲ್ಲ.

ಶನಿವಾರ ಊಟವಾದ ಮೇಲೆ ರೋಲರ್ ಆರಿಸಿ ಅದರ ಪಟ್ಟಿ ಒರೆಸುತ್ತೇವೆ. ಅದು ತಣ್ಣಗಾಗುವ ಅರ್ಧ ಗಂಟೆಯಲ್ಲಿ ನಮ್ಮ ಹಾಡಿನ ಕೋರ್ಟು ನಡೆಯುತ್ತಿತ್ತು. ಗೋಡೆಯಿಂದ ಗೋಡೆಗೆ ಎರಡು ತಂತಿ ಕಟ್ಟಿದ್ದೆವು. ಮೇಲಿನದು ಕಲೆ, ಕೆಳಗಿನದು ಗಲಾಟೆ. ‘ಹೊಟ್ಟೆಪಾಡಿಗೆ ವಾರವಿಡೀ ಕಲೆ ತೆಗಿಯೋದು, ಶನಿವಾರ ಅದಕ್ಕೇ ತಂತಿ ಕಟ್ಟೋದು’ ಎಂದು ಬಾಯ್ಲರ್ ನೋಡಿಕೊಳ್ಳುವ ಮಾಮ ಪ್ರತಿ ವಾರ ಅದೇ ಜೋಕು ಮಾಡಿ ತಾನೊಬ್ಬನೇ ನಗುತ್ತಿದ್ದ. ಹಾಡು ತಂದವರು ಅದನ್ನು ಗುಟ್ಟಾಗಿ ನನ್ನ ಕೈಗೆ ಕೊಡಬೇಕು, ನಾನು ಸ್ಪೀಕರ್‌ನಲ್ಲಿ ಹಾಕಬೇಕು, ಯಾರು ತಂದದ್ದು ಎಂದು ಬಾಯಿ ಬಿಡಬಾರದು. ‘ಯಾರದ್ದು ಅಂತ ಗೊತ್ತಾದ್ರೆ ಕಿವಿ ಕೆಟ್ಟೋಗುತ್ತೆ’ ಎಂದು ಜಡ್ಜೇ ಮಾಡಿದ ಕಾನೂನು ಅದು. ಹಾಡು ಮುಗಿದ ಮೇಲೆ ಹತ್ತು ಜನವೂ ತಲಾ ಒಂದು ಬಟ್ಟೆ ಕ್ಲಿಪ್ಪನ್ನು ಮೇಲಿನ ತಂತಿಗೋ ಕೆಳಗಿನ ತಂತಿಗೋ ಸಿಕ್ಕಿಸಬೇಕು.

ಮೊದಲ ಕ್ಲಿಪ್ಪು ಜಡ್ಜಿನದು. ಅದು ಎಲ್ಲಿ ಬಿತ್ತೋ ಉಳಿದವೂ ಅಲ್ಲೇ ಬೀಳುತ್ತಿದ್ದವು. ಇದು ಆತನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನಮ್ಮೆಲ್ಲರ ಕಿವಿ ತಿದ್ದಿದ್ದು ತಾನೇ, ಅದಕ್ಕೇ ತೀರ್ಪು ಒಂದೇ ಬರುತ್ತದೆ ಎಂದು ಆತ ನಂಬಿಕೊಂಡಿದ್ದ.

ವಾದಕ್ಕೇನೂ ಬರವಿರಲಿಲ್ಲ. ಗುಂಗುರು ಎಂದು ಕರೆಯುವ ಹುಡುಗಿಯೊಬ್ಬಳು ದಿಂಬಿನ ಚೀಲ ಎಣಿಸುವ ಮೇಜಿನಲ್ಲಿದ್ದಳು. ರ್‍ಯಾಪು ಅಂದರೆ ಅವಳಿಗೆ ಪ್ರಾಣ.

‘ವಾದ್ಯ ಎಲ್ಲ ಕಿತ್ತು ಹಾಕಿ ಬರೀ ಸಿಳ್ಳೆ ಹೊಡಿ. ನಿಲ್ತದಾ ನಿನ್ನ ಹಾಡು?’ ಎಂದು ಜಡ್ಜ್ ಕೇಳುತ್ತಿದ್ದ.

‘ನಿಮ್ಮ ಹಾಡಲ್ಲಿ ಮಾತು ಕಿತ್ತು ಹಾಕಿ, ಏನು ಉಳಿಯುತ್ತೆ? ಆ ಆ ಆ ಅಂತ ಡಾಕ್ಟ್ರಿಗೆ ಗಂಟಲು ತೋರಿಸಿದ ಹಾಗೆ!’

‘ಕೋಪ ಬಂದವರೆಲ್ಲ ಹಾಡುಗಾರರಾದ್ರೆ ನಮ್ಮ ಲಾಂಡ್ರಿ ಓನರ್ ಮೇಡಮ್ಮೇ ದೊಡ್ಡ ಹಾಡುಗಾರ್ತಿ.’

‘ನೀರು ಸೇದೋಳು ಸುಸ್ತು ಮರೆಯೋಕೆ ಹಾಡಿದ್ದೇ ಹಾಡು, ಉಳಿದಿದ್ದೆಲ್ಲ ವ್ಯಾಪಾರ’ ಎಂದು ಮಾಮ ಜಾನಪದದ ಪರ ನಡುವೆ ಬಾಯಿ ಹಾಕುತ್ತಿದ್ದ. ಕಡೆಗೆ ಜಡ್ಜಿನ ಕ್ಲಿಪ್ಪು ಗಲಾಟೆ ತಂತಿಗೆ ಬೀಳುತ್ತಿತ್ತು. ಗುಂಗುರು ಮುಖ ಊದಿಸಿಕೊಂಡು ಹೋಗಿ ಮುಂದಿನ ಶನಿವಾರಕ್ಕೆ ಇನ್ನೂ ಜೋರಾದದ್ದನ್ನು ಹುಡುಕಿ ತರುತ್ತಿದ್ದಳು. ನಿಜ ಹೇಳಬೇಕೆಂದರೆ ವಾರವೆಲ್ಲ ನಾವು ಆ ಅರ್ಧ ಗಂಟೆಗಾಗಿ ಕಾಯುತ್ತಿದ್ದೆವು.

ನನ್ನ ಗಂಡ ಆರ್ಕೆಸ್ಟ್ರಾ ಒಂದರಲ್ಲಿ ಡ್ರಮ್ ಪ್ಯಾಡ್ ಬಾರಿಸುತ್ತಿದ್ದ. ಕುಣಿಯುವವರಿಗೆ ಬೇಕಾದದ್ದನ್ನು ಬಾರಿಸುವ ಕೆಲಸ. ಕಿಡ್ನಿ ಕೆಟ್ಟು ಹಾಸಿಗೆ ಹಿಡಿದ ಮೇಲೆ, ದಿಂಬಿಗೆ ಒರಗಿಕೊಂಡು, ಎರಡು ತಿಂಗಳು ಕೂತು ಒಂದು ಸ್ವಂತ ಹಾಡು ಮಾಡಿದ. ಬೀಟು ಅವನದು, ಪದವೂ ಅವನದೇ. ‘ನಿಮ್ಮ ಜಡ್ಜ್ ಹತ್ರ ಹಾಕು. ಹೊಗಳಬೇಕು ಅಂತಿಲ್ಲ, ಸರಿಯಾಗಿ ಕೇಳಲಿ ಸಾಕು’ ಅಂದ. ಆ ಶನಿವಾರ ಹಾಕಿದೆ.

‘ಇದು ಹಾಡಲ್ಲ, ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿದ ಸದ್ದು. ಹನ್ನೆರಡು’ ಅಂದ ಜಡ್ಜ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾನೂನು ಕಾನೂನೇ ಎಂದು ನಾನೂ ಹಲ್ಲು ಕಿರಿದೆ.

ಮನೆಗೆ ಹೋದಾಗ ಗಂಡ ಬಾಗಿಲನ್ನೇ ನೋಡುತ್ತಿದ್ದ. ‘ಅರವತ್ತು ಕೊಟ್ರು’ ಅಂದೆ. ಅವನು ‘ಐವತ್ತೈದರ ಮೇಲೆ ಯಾರಿಗೂ ಕೊಡಲ್ಲ ಅಂತ ನೀನೇ ಹೇಳಿದ್ದೆಯಲ್ಲೇ’ ಅಂದು ಗೋಡೆಯ ಕಡೆ ಹೊರಳಿದ. ಮತ್ತೆ ಆ ಪ್ಯಾಡನ್ನು ಮುಟ್ಟಲಿಲ್ಲ. ಮೂರು ತಿಂಗಳಿಗೆ ಹೋದ.

ಕೆಲಸಕ್ಕೆ ಮರಳಿದ ಮೊದಲ ದಿನವೇ ಶೀಟಿನ ಈ ತುದಿಯಿಂದ ಕೇಳಿದೆ: ‘ಆ ಹನ್ನೆರಡು ಮಾರ್ಕಿನ ಹಾಡು ನನ್ನ ಗಂಡಂದು. ಗೊತ್ತಿದ್ರೆ ಎಷ್ಟು ಕೊಡ್ತಿದ್ರಿ?’

ಆತನ ಕೈ ಒಂದು ಕ್ಷಣ ನಿಂತಿತು. ಬೇಜಾರಾಯಿತು ಎಂಬುದೂ ಮುಖದಲ್ಲಿ ಕಂಡಿತು. ಆದರೂ ಅಂದ: ‘ಹನ್ನೆರಡೇ.’

ಅದಾಗಿ ಎಂಟು ವರ್ಷ. ಅಷ್ಟೂ ವರ್ಷ ನನಗೆ ಬೇಕಾಗಿದ್ದುದು ಒಂದೇ, ಆ ಬಾಯಿಂದಲೇ ಆ ಹನ್ನೆರಡು ವಾಪಸ್ ಬರಬೇಕು. ಯಾರು ಯಾರೋ ಅವನ ಹಾಡು ಚೆನ್ನಾಗಿದೆ ಅಂದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸುಳ್ಳು ಹೇಳಲು ಬಾರದವನೊಬ್ಬ ಹೇಳಬೇಕಿತ್ತು, ಅಂಥವನು ನನಗೆ ಗೊತ್ತಿದ್ದ ಜಗತ್ತಿನಲ್ಲಿ ಒಬ್ಬನೇ ಇದ್ದ.

ಆತನ ನಿವೃತ್ತಿಗೆ ಮೂರು ವಾರ ಇತ್ತು. ಒಂದು ಸಂಜೆ ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟು ತೆಗೆದು ನನಗೆ ಕೊಟ್ಟ. ‘ಇಪ್ಪತ್ತೆರಡು ವರ್ಷದವನಿದ್ದಾಗ ಹಾಡಿದ್ದು. ರಾಗ ನಂದೇ. ಕಂಪನಿ ಮುಚ್ಚಿಹೋಯ್ತು, ಹೊರಗೆ ಬರಲೇ ಇಲ್ಲ. ಯಾರಿಗೂ ಕೇಳಿಸಿಲ್ಲ. ಮುಂದಿನ ಶನಿವಾರ ಹಾಕ್ತೀಯಾ?’

‘ಈಗ ಯಾಕೆ?’

‘ಮನೆಯವರಿಗೆ ಕೇಳಿಸಿದ್ರೆ ಹೊಗಳ್ತಾರೆ. ನಿಮ್ಮ ಕಿವಿ ನಾನು ತಿದ್ದಿದ್ದು. ನೀವು ಏನಂದ್ರೂ ನಂಬ್ತೀನಿ. ನಲವತ್ತು ವರ್ಷ ಆಯ್ತು, ಗೊತ್ತಾಗಿಬಿಡಲಿ.’ ಹೇಳುವಾಗ ಆತ ನನ್ನ ಮುಖ ನೋಡಲಿಲ್ಲ, ಕಿವಿ ಕೆಂಪಾಗಿತ್ತು.

ಮೊಬೈಲ್ ಅಂಗಡಿಯವನು ಕ್ಯಾಸೆಟ್ಟಿನಿಂದ ಹಾಡನ್ನು ನನ್ನ ಫೋನಿಗೆ ಇಳಿಸಿಕೊಟ್ಟ. ರಾತ್ರಿ ಅಡುಗೆಗೆ ಮೊದಲು, ನಕ್ಕುಬಿಡೋಣ ಎಂದೇ ಹಾಕಿದೆ. ತರಕಾರಿ ಹೆಚ್ಚುತ್ತಿದ್ದವಳು ಎರಡನೇ ಚರಣಕ್ಕೆ ಚಾಕು ಕೆಳಗಿಟ್ಟೆ. ಎಳೆ ದನಿ. ಮೇಲಕ್ಕೆ ಹೋಗಬೇಕಾದ ಕಡೆ ಹೋಗದೆ, ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುವವನಂತೆ ತಡೆದು, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಅಷ್ಟೊಂದು ಚೆನ್ನಾಗಿತ್ತು. ಅಡುಗೆ ಮರೆತು ಆರೇಳು ಸಲ ಕೇಳಿದೆ. ಗಂಡ ಸತ್ತಾಗ ಅಳಲಾಗದೆ ಉಳಿದದ್ದನ್ನೆಲ್ಲ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ನೆತ್ತಿಗೇರಿತು. ಹೀಗೆ ಹಾಡಬಲ್ಲವನಿಗೆ, ದಿಂಬಿಗೆ ಒರಗಿ ಕೂತು ಬಾರಿಸಿದವನ ಕೈ ಕೇಳಿಸಲಿಲ್ಲವೇ?

ಶನಿವಾರ ಹಾಡು ಹಾಕಿದೆ. ಲಾಂಡ್ರಿ ಅಷ್ಟು ಸುಮ್ಮನಾದದ್ದನ್ನು ನಾನು ನೋಡಿರಲಿಲ್ಲ. ಮಾಮ ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತಿದ್ದ. ಗುಂಗುರು ಎರಡೂ ಕೈ ಮೇಜಿನ ಮೇಲಿಟ್ಟು ಸ್ಪೀಕರನ್ನೇ ನೋಡುತ್ತಿದ್ದಳು. ಹಾಡು ಮುಗಿಯಿತು, ಎಲ್ಲರ ಕಣ್ಣೂ ವಾಡಿಕೆಯಂತೆ ಜಡ್ಜಿನ ಕಡೆ ಹೊರಳಿತು. ಆತ ನಮಗೆ ಬೆನ್ನು ಹಾಕಿ ರೋಲರ್‌ನ ಪಟ್ಟಿಯ ನೂಲು ಕೀಳುತ್ತಿದ್ದ. ತನ್ನ ಹಾಡಿಗೆ ತಾನೇ ಮೊದಲ ಮತ ಹಾಕಬಾರದು ಎಂಬ ಮರ್ಯಾದೆ.

‘ಇವತ್ತು ನೀನು ಶುರು ಮಾಡು’ ಎಂದು ನನಗೆ ಹೇಳಿದ.

ನಾನು ಕ್ಲಿಪ್ಪು ತೆಗೆದುಕೊಂಡೆ. ಕೆಳಗಿನ ತಂತಿಗೆ ಸಿಕ್ಕಿಸಿ ಅಂದೆ: ‘ಅಯ್ಯೋ, ಈ ಗಂಡಸಿಗೆ ಯಾರಾದ್ರೂ ಹಲ್ಲುನೋವಿನ ಮಾತ್ರೆ ಕೊಡ್ರಪ್ಪ. ಮೂಗಿನಲ್ಲಿ ಹಾಡ್ತಾನೋ ಇಲ್ಲ ಅಳ್ತಾನೋ?’

ಮಾಮ ಮೊದಲು ನಕ್ಕ. ಒಬ್ಬ ನಕ್ಕ ಮೇಲೆ ಕೇಳಬೇಕೇ? ಒಬ್ಬರು ಮೂಗು ಹಿಡಿದು ಆ ಚರಣವನ್ನು ಎಳೆದರು, ಇನ್ನೊಬ್ಬರು ಬಾಗಿಲ ಹಿಂದೆ ಸಿಕ್ಕಿಕೊಂಡ ಬೆಕ್ಕು ಅಂದರು. ಒಂದೊಂದೇ ಕ್ಲಿಪ್ಪು ಕೆಳಗಿನ ತಂತಿಗೆ ಬಂತು. ಗುಂಗುರು ಮೇಲಿನ ತಂತಿಯ ಹತ್ತಿರ ಕೈ ಎತ್ತಿದವಳು ನನ್ನ ಮುಖ ನೋಡಿ ಇಳಿಸಿದಳು. ಒಟ್ಟು ಒಂಬತ್ತಾಯಿತು.

‘ಜಡ್ಜ್ ಸಾಹೇಬ್ರದು?’ ಎಂದ ಮಾಮ.

ಆತ ತಿರುಗಿದ. ನಗುತ್ತಲೇ ಇದ್ದ. ಹತ್ತನೇ ಕ್ಲಿಪ್ಪನ್ನು ನಮ್ಮೆಲ್ಲರ ಸಾಲಿನ ಕೊನೆಗೆ, ಗಲಾಟೆ ತಂತಿಗೇ ಹಾಕಿದ. ‘ಸರಿಯಾಗೇ ಹೇಳಿದ್ರಿ. ಉಸಿರು ತಗೊಳ್ಳೋ ಜಾಗ ತಪ್ಪು. ಹಾಡೋನಿಗೆ ತನ್ನ ದನಿ ಮೇಲೆ ತನಗೇ ಮೋಹ. ಹೇಳೋಕೆ ಏನೂ ಇಲ್ಲದೋನು ಹೀಗೇ ಎಳೀತಾನೆ. ಒಂಬತ್ತು.’ ಆತನ ವಿವರಣೆಗೆ ಯಾವತ್ತಿನಂತೆ ಎಲ್ಲರೂ ತಲೆದೂಗಿದರು. ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಬಹಳ ತಣ್ಣಗಾಯಿತು.

ಎಲ್ಲರೂ ಚದುರಿದ ಮೇಲೆ ನೆನೆಹಾಕುವ ತೊಟ್ಟಿಯ ಹತ್ತಿರ ಬಂದು ಕೇಳಿದ: ‘ಮನೇಲಿ ಒಬ್ಬಳೇ ಕೇಳಿದಾಗಲೂ ಹಾಗೇ ಅನಿಸ್ತಾ?’

ನಿಜ ಹೇಳಲು ಅದೊಂದು ಅವಕಾಶವಿತ್ತು. ‘ಅರ್ಧಕ್ಕೇ ನಿಲ್ಲಿಸಿದೆ’ ಅಂದೆ.

‘ಒಳ್ಳೇದಾಯ್ತು. ನೀನು ಮುಲಾಜು ನೋಡಲ್ಲ ಅಂತ ಗೊತ್ತಿತ್ತು. ಫೋನಿಂದ ಅಳಿಸಿಬಿಡು.’ ಕ್ಯಾಸೆಟ್ಟನ್ನು ಕಸದ ಡಬ್ಬಿಗೆ ಆತನೇ ಹಾಕಿದ. ಫೋನಿನಲ್ಲಿದ್ದುದನ್ನು ನಾನು ಆತನ ಎದುರಿಗೇ ಅಳಿಸಿದೆ.

ಸೋಮವಾರ ಬೆಳಗ್ಗೆ ಸ್ಪೀಕರ್‌ನಲ್ಲಿ ಒಂದು ಕೊಳಕು ರೀಮಿಕ್ಸ್ ಮುಗಿಯಿತು. ಮಾಮ ‘ಎಷ್ಟು?’ ಎಂದು ಕೂಗಿದ. ‘ಚೆನ್ನಾಗಿದೆ’ ಅಂದ ಜಡ್ಜ್. ತಮಾಷೆ ಅಂದುಕೊಂಡೆವು. ಮುಂದಿನದಕ್ಕೂ ‘ಚೆನ್ನಾಗಿದೆ.’ ನಡುವೆ ಬಂದ ಸೋಪಿನ ಜಾಹೀರಾತಿಗೂ ‘ಚೆನ್ನಾಗಿದೆ’. ಮಾರ್ಕು ಕೊಡಿ ಅಂತ ಕೈಕಾಲು ಹಿಡಿದರೂ ಜಪ್ಪಯ್ಯ ಅನ್ನಲಿಲ್ಲ. ‘ನನಗೇನು ಗೊತ್ತಾಗುತ್ತೆ ಬಿಡ್ರಪ್ಪ’ ಎಂದು ಶೀಟು ಕೊಡವುತ್ತಿದ್ದ. ಕೊಂಕಿಗೆ ಹೇಳಿದ್ದಾಗಿದ್ದರೆ ಸಹಿಸಬಹುದಿತ್ತು. ಆತ ಮನಸಾರೆ ಹೇಳುತ್ತಿದ್ದ.

ಆ ಶನಿವಾರ ಗುಂಗುರು ತಾನೇ ಬರೆದು ಹಾಡಿದ ರ್‍ಯಾಪ್ ತಂದಳು. ಕಾನೂನು ಮುರಿದು ‘ಇದು ನಂದೇ’ ಎಂದು ಎದೆಯುಬ್ಬಿಸಿ ನಿಂತಳು, ಜಗಳಕ್ಕೆ ಸೆರಗು ಕಟ್ಟಿಕೊಂಡವಳ ಹಾಗೆ. ಮುಗಿದ ಮೇಲೆ ಜಡ್ಜ್ ಹೇಳಿದ: ‘ಚೆನ್ನಾಗಿದೆ ಮಗಳೇ.’

‘ಎಲ್ಲಿ ಚೆನ್ನಾಗಿದೆ? ಯಾವ ಸಾಲು? ಬೈಯ್ರೀ!’

‘ಎಲ್ಲಾ ಚೆನ್ನಾಗಿದೆ.’

ಅವಳು ಕ್ಲಿಪ್ಪನ್ನು ನೆಲಕ್ಕೆ ಬಿಸಾಕಿ ಅಳುತ್ತಾ ಹೊರಗೆ ಹೋದಳು. ಆಮೇಲೆ ಯಾರೂ ಹಾಡು ತರಲಿಲ್ಲ.

ಕೊನೆಯ ದಿನ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯ ಶೀಟು ನಮ್ಮಿಬ್ಬರ ನಡುವೆ ಇತ್ತು. ಮೂಲೆ ಕೂಡಿಸಲು ಹತ್ತಿರ ಬಂದಾಗ ಹೇಳಿಯೇಬಿಟ್ಟೆ. ‘ನಾನು ಸುಳ್ಳು ಹೇಳಿದೆ. ನಿಮ್ಮ ಹಾಡು ತುಂಬಾ ಚೆನ್ನಾಗಿತ್ತು. ಆರೇಳು ಸಲ ಕೇಳಿದೆ, ಅತ್ತುಬಿಟ್ಟೆ. ಎಲ್ಲರಿಗೂ ಇಷ್ಟ ಆಗಿತ್ತು, ನಾನೇ ಕೆಡಿಸಿದ್ದು. ಗಂಡನ ಹಾಡಿಗೆ ಹನ್ನೆರಡು ಕೊಟ್ಟ ಸಿಟ್ಟು ನಿಮ್ಮ ಮೇಲೆ ತೀರಿಸಿಕೊಂಡೆ.’

ಆತ ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ಬೆರಳಿಂದ ಮಡಿಕೆ ತೀಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆಯೂ ಇರಲಿಲ್ಲ. ಹೊರಟು ನಿಂತವನಿಗೆ ಎಲ್ಲರೂ ಒಂದೊಂದು ಒಳ್ಳೆ ಮಾತಾಡುತ್ತಾರಲ್ಲ, ನನ್ನದನ್ನೂ ಆ ಲೆಕ್ಕಕ್ಕೇ ಸೇರಿಸಿದ.

‘ಇರಲಿ ಬಿಡಮ್ಮ, ನನ್ನ ಸಮಾಧಾನಕ್ಕೆ ಅಂತ ಹೇಳ್ತೀಯ’ ಅಂದ. ಎರಡು ಹೆಜ್ಜೆ ಹಿಂದೆ ಹೋಗಿ ಮುಂದಿನ ಶೀಟಿನ ತುದಿ ಹಿಡಿದ. ನನಗೂ ಏನಾದರೂ ಕೊಡಬೇಕು ಅನಿಸಿತೋ ಏನೋ. ‘ನಿನ್ನ ಗಂಡನ ಹಾಡೂ ಚೆನ್ನಾಗಿತ್ತು’ ಅಂದ.

ಎಂಟು ವರ್ಷ ಕಾದಿದ್ದ ಮಾತು. ಸೋಪಿನ ಜಾಹೀರಾತಿಗೆ ಹೇಳಿದ ದನಿಯಲ್ಲೇ ಹೇಳಿದ.