ಕಂದು ಅಕ್ಷರದ ಪ್ಯಾರಾ

ಎರಡು ಸಾವಿರದ ದಶಕದ ನಡುವಿನ ಮಾತು. ಇಂಥದೇ ವರ್ಷ ಎಂದು ಹೇಳಹೋದರೆ ತಪ್ಪುತ್ತೇನೆ. ವಸ್ತಾರೆ ಕಡೆಯ ಹಿರಿಯ ಪ್ಲಾಂಟರೊಬ್ಬರು ತಮ್ಮ ತೋಟದ ನೆನಪುಗಳನ್ನು ಬರೆದಿದ್ದರು. ಚಿಕ್ಕಮಗಳೂರಿನಲ್ಲಿ ಪುಟ್ಟ ಪ್ರಕಾಶನ ನಡೆಸುತ್ತಿದ್ದ ನನ್ನ ಗೆಳೆಯ ಅದನ್ನು ಸಿ.ಡಿ. ಪುಸ್ತಕವಾಗಿ ತಂದ. ಕಾಗದದ ಮೇಲೆ ಎರಡು ಬಣ್ಣ ದುಬಾರಿ, ಕಂಪ್ಯೂಟರಿನಲ್ಲಿ ಪುಕ್ಕಟೆ. ಹಾಗಾಗಿ ಹಿರಿಯರು ಕಣ್ಣಾರೆ ಕಂಡದ್ದೆಲ್ಲ ಕಪ್ಪು ಅಕ್ಷರದಲ್ಲಿ, ಇನ್ನೊಬ್ಬರಿಂದ ಕೇಳಿದ್ದೆಲ್ಲ ಕಂದು ಅಕ್ಷರದಲ್ಲಿ.

ಈ ವಿಂಗಡಣೆ ನನ್ನದು. ಇತಿಹಾಸದ ಎಂ.ಎ. ಮಾಡಿ ಬಂದ ಮೇಲೆ ಯಾರ ನೆನಪನ್ನೂ ಇದ್ದ ಹಾಗೇ ನಂಬುವುದು ನನ್ನಿಂದ ಆಗುತ್ತಿರಲಿಲ್ಲ, ನನ್ನದನ್ನಂತೂ ಮೊದಲೇ ಇಲ್ಲ. ಕರಡು ಹಿಡಿದು ಹಿರಿಯರ ಎದುರು ಕೂತು, "ಇದು ಕಂಡಿದ್ದಾ, ಕೇಳಿದ್ದಾ?" ಎಂದು ಪ್ಯಾರಾ ಪ್ಯಾರಾ ವಿಚಾರಿಸಿ ಗುರುತು ಹಾಕಿದ್ದೆ. ಅರ್ಧಕ್ಕೇ ಅವರಿಗೆ ಸಾಕಾಗಿತ್ತು. "ನೀನು ವಕೀಲ ಆಗ್ಬೇಕಿತ್ತು ಮಾರಾಯ" ಎಂದಿದ್ದರು.

ಸಿ.ಡಿ. ಬಂದ ಕೆಲವು ವಾರಗಳ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಪಕ್ಕದ ತೋಟದವರೂ ಬಂದಿದ್ದರು. ಅವರಿಬ್ಬರದು ಹರೆಯದಿಂದಲೂ ಸ್ನೇಹ. ಭಾನುವಾರದ ಕಾಫಿ ಒಟ್ಟಿಗೇ. ಕಣ್ಣು ಮಂಜಾಗಿ ಪೇಪರ್ ಓದುವುದನ್ನೇ ಬಿಟ್ಟಿದ್ದ ಹಿರಿಯರು ಅಂದು ಕಂಪ್ಯೂಟರಿಗೆ ಮೂಗು ತಾಗಿಸಿಕೊಂಡು ತಮ್ಮ ಪುಸ್ತಕವನ್ನು ತಾವೇ ಗಟ್ಟಿಯಾಗಿ ಓದುತ್ತಿದ್ದರು. ಕಪ್ಪು ತೆರೆಯ ಮೇಲೆ ಹಳದಿ ಅಕ್ಷರ, ಒಂದೊಂದೂ ಹೆಬ್ಬೆರಳಿನ ಗಾತ್ರ.

"ಆ ವರ್ಷ ಪಕ್ಕದ ತೋಟದವರು ಹಳ್ಳದ ನೀರನ್ನು ತಮ್ಮ ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ತಿರುಗಿಸಿಕೊಂಡರು. ನಮ್ಮ ನರ್ಸರಿಯ ಸಸಿಗಳು ಒಣಗಿದವು."

ನೆರೆಯವರು ಲೋಟ ಕೆಳಗಿಟ್ಟರು. "ಗೌಡ್ರೇ, ನಮ್ಮಪ್ಪ ನೀರು ಕದ್ದಿದ್ದು ನೀವು ಕಂಡಿದ್ರಾ?"

"ಪುಸ್ತಕದಲ್ಲಿ ಹಾಗೇ ಇದ್ಯಲ್ಲ."

"ಪುಸ್ತಕ ಬರ್ದಿದ್ದು ಯಾರು, ನಮ್ಮಪ್ಪನಾ?"

ಹಿರಿಯರು ತೆರೆ ನೋಡಿದರು. "ಕಂಡೇ ಬರ್ದಿದೀನಿ" ಎಂದುಬಿಟ್ಟರು.

ನೆರೆಯವರು ಚಪ್ಪಲಿ ಮೆಟ್ಟಿದರು. "ಇನ್ಮೇಲೆ ನಿಮ್ಮನೆಗೆ ಬಂದ್ರೆ ಕುಡಿಯೋ ನೀರು ನಾನೇ ತರ್ತೀನಿ ಬಿಡಿ."

ಆ ಪ್ಯಾರಾ ಕಂದು ಅಕ್ಷರದಲ್ಲಿತ್ತೆಂದು ನನ್ನ ನೆನಪು. ಕಂದು ಎಲ್ಲಿ ಹೋಯಿತು? ಗೆಳೆಯನ ಮೇಲೇ ಅನುಮಾನ ಬಂತು. ಕೆಲಸ ಉಳಿಸಲು ಎಲ್ಲಕ್ಕೂ ಒಂದೇ ಬಣ್ಣ ಬಳಿದಿರಬೇಕು. ಮರುದಿನವೇ ಅವನ ಅಂಗಡಿಗೆ ಹೋದೆ. ಅವನು ಸಿ.ಡಿ. ಹಾಕಿ ತೋರಿಸಿದ. ಪ್ಯಾರಾ ಕಂದಾಗಿಯೇ ಇತ್ತು. ಹಿರಿಯರು ಕಣ್ಣಿಗೆ ಕಾಣಲೆಂದು ತಮ್ಮ ಕಂಪ್ಯೂಟರಿನಲ್ಲಿ, ಪುಟದಲ್ಲಿರುವ ಬಣ್ಣ ಬೇಡ, ನನ್ನ ಬಣ್ಣವೇ ಇರಲಿ ಎಂದು ಆಯ್ಕೆ ಮಾಡಿಸಿಕೊಂಡಿದ್ದರು. ಹಾಗಾಗಿ ಕಂಡದ್ದೂ ಕೇಳಿದ್ದೂ ಹಳದಿಯಲ್ಲಿ ಒಂದಾಗಿದ್ದವು.

"ಓದೋರ ಕೈಗೆ ಬಣ್ಣ ಬಿಡ್ಬಾರ್ದು ಅಂತ ನಾನು ಮೊದ್ಲೇ ಹೇಳಿದ್ದೆ" ಎಂದ ಗೆಳೆಯ. "ಪುಟಗಳನ್ನೆಲ್ಲ ಚಿತ್ರ ಮಾಡಿ ಹಾಕ್ತೀನಿ. ಆಮೇಲೆ ಯಾರೂ ಮುಟ್ಟೋಕಾಗಲ್ಲ."

"ಅವ್ರಿಗೆ ಓದೋಕೂ ಆಗಲ್ಲ."

"ಪುಟ ಚೆಂದ ಮಾಡೋದು ನನ್ನ ಕೆಲಸ, ಕಣ್ಣು ರಿಪೇರಿ ಅಲ್ಲ."

ಅವನಿಗೆ ಬೇಕಿದ್ದದ್ದು ಸತ್ಯವೋ, ತಾನು ಮಾಡಿದ ಪುಟವೋ ಎಂದು ನನಗೆ ಸಂಶಯ. ಅಲ್ಲಿಂದಲೇ ಹಿರಿಯರಿಗೆ ಫೋನ್ ಮಾಡಿ, ಕಂದು ಹಳದಿಯಾದ ಕತೆ ತಿಳಿಸಿ, ಗೆಳೆಯನ ಉಪಾಯವನ್ನೂ ಹೇಳಿದೆ.

"ನೆರಳು ಜಾಸ್ತಿ ಆಯ್ತು ಅಂತ ಮರಾನೇ ಉರುಳಿಸ್ತಾರೇನೋ? ಕೊಂಬೆ ಸವರ್ತಾರೆ" ಎಂದರು. ಆಮೇಲೆ ದನಿ ತಗ್ಗಿಸಿ, "ಪಕ್ಕದ ತೋಟದವ್ನು ನಿನ್ನೆಯಿಂದ ಫೋನೇ ಎತ್ತಿಲ್ಲ" ಎಂದರು.

ಯಾವುದು ಮರ, ಯಾವುದು ಕೊಂಬೆ ಎಂದು ನಾನೂ ಗೆಳೆಯನೂ ಸಂಜೆವರೆಗೆ ಕಿತ್ತಾಡಿದೆವು. ಕೊನೆಗೆ ಅಕ್ಷರದ ಗಾತ್ರ, ಬಣ್ಣ, ಸಾಲಿನ ಅಂತರ ಎಲ್ಲ ಓದುವವರಿಗೇ ಬಿಟ್ಟೆವು. ಆದರೆ ಕಂದು ಪ್ಯಾರಾಗಳ ಮೊದಲಿಗೆ 'ಕೇಳಿದ್ದು' ಎಂಬ ಪದವನ್ನೇ ಸೇರಿಸಿದೆವು. ಬಣ್ಣ ಹೋದರೂ ಪದ ಹೋಗುವುದಿಲ್ಲ. "ಪುಟದ ತುಂಬ ಸೀಲು ಹೊಡ್ದಂಗಿದೆ" ಎಂದು ಗೆಳೆಯ ಮುಖ ಸಿಂಡರಿಸಿಯೇ ಹೊಸ ಸಿ.ಡಿ. ಕೊಟ್ಟ.

ಅದರ ಮೊದಲ ಓದಿಗೆ ನೆರೆಯವರನ್ನು ಕರೆತರಲು ನಾನು ಎರಡು ಸಲ ಅವರ ಮನೆ ಮೆಟ್ಟಿಲು ಹತ್ತಬೇಕಾಯಿತು. ಬಂದರು, ಕಾಫಿ ಮುಟ್ಟಲಿಲ್ಲ. ಹಳ್ಳದ ಪ್ಯಾರಾ ಬಂದಾಗ ಹಿರಿಯರು ಓದು ನಿಲ್ಲಿಸಿದರು. ಆ ಒಂದೇ ಪದ ತೆರೆಯ ಅಗಲಕ್ಕೂ ಹರಡುವವರೆಗೆ ಅಕ್ಷರ ದೊಡ್ಡದು ಮಾಡಿದರು.

"ಕೇಳಿದ್ದು" ಎಂದು ಓದಿದರು.

"ಯಾರ ಹತ್ರ ಕೇಳಿದ್ದು?" ಎಂದರು ನೆರೆಯವರು ಬಿಡದೆ.

"ನಿಮ್ಮಪ್ಪನ ಹತ್ರಾನೇ. 'ನಿಮ್ಮ ನೀರು ಹೊಡ್ಕೊಂಡೆ ನೋಡು' ಅಂತ ಆಲ್ದೂರು ಬಸ್ಸಲ್ಲಿ ಎಲ್ಲರೆದುರು ನಕ್ಕಿದ್ರು."

"ಅವ್ರದ್ದು ಬಾಯಿ ಬಡಾಯಿ ಜಾಸ್ತಿ" ಎಂದು ನೆರೆಯವರು ಲೋಟ ಎತ್ತಿಕೊಂಡರು.

ನಾನು ಕರಡು ಹಿಡಿದು ಕೂತಿದ್ದಾಗ ಹಿರಿಯರು ಈ ಬಸ್ಸಿನ ಕತೆ ಹೇಳಿದ್ದಿಲ್ಲ. ಯಾರಿಂದ ಎಂದು ನಾನು ಕೇಳಿರಲೇ ಇಲ್ಲವೋ, ಅಥವಾ ನೆರೆಯವರ ಲೋಟ ಖಾಲಿಯಾಗಲಿ ಎಂದು ಅವರು ಆ ಕ್ಷಣ ಹೆಣೆದರೋ, ತಿಳಿಯದು. ಕೇಳೋಣವೆಂದು ಬಾಯಿ ತೆರೆದೆ. ಹಿರಿಯರು ನನ್ನತ್ತ ನೋಡದೆಯೇ, "ನಿಂಗೂ ಕಾಫಿ ಬೇಕೇನೋ ವಕೀಲ?" ಎಂದರು.